ಸೂಟು

ಭವಾನಿ ಪೇಠದ ಗೋದಾಮಿನಲ್ಲಿ ಹನ್ನೊಂದು ವರ್ಷ
ತಕ್ಕಡಿಯ ಮುಳ್ಳು ನೋಡುತ್ತ ಕೂತವನು ನಾನು.
ಹಿರಡಾ, ಬೇಹಡಾ, ನಾಗರಮೋಥಾ, ಗುಳವೇಲ.
ಕಾಡು ಇಲ್ಲಿಗೆ ಬರುವುದು ಒಣಗಿ, ಚೀಲದಲ್ಲಿ,
ಬಾಯಿ ಹೊಲಿಸಿಕೊಂಡು.

ಮಾರ್ಚಿನಲ್ಲಿ ಧಾಯಟಿ.
ಚೀಟಿಯ ಮೇಲೆ ಧಾತಕೀಪುಷ್ಪ ಎಂದು ಬರೆಯುತ್ತೇನೆ.
ನಮ್ಮ ಕಡೆ ಏನನ್ನುತ್ತಾರೆಂದು ಚಡಚಣಕ್ಕೆ ಫೋನು ಹಚ್ಚಿದರೆ
ಅವ್ವ ಅಂದಳು: "ನಮ್ಮ ಸೀಮ್ಯಾಗ ಗುಡ್ಡ ಎಲ್ಲೈತೋ?
ಗುಡ್ಡನ ಇಲ್ಲಂದ್ರ ಅದರ ಹೂವಿಗೆ ಹೆಸರು ಯಾರು ಇಡ್ತಾರ?"

ಛಬೂ ಹಿಲಂ ಬರುವುದು ವೆಲ್ಹೆಯ ಆಚೆಯಿಂದ,
ಹಾಲಿನ ಟೆಂಪೊದ ಹಿಂದೆ, ಮೂರು ಚೀಲ, ಒಬ್ಬಳು ಮೊಮ್ಮಗಳು.
ಮೂರೂ ಸೇರಿ ಇಪ್ಪತ್ತು ಕಿಲೋ ಆರುನೂರು ಎಂದು ಮುಳ್ಳು ಹೇಳಿದರೆ
ನಾನು ಹೇಳುವುದು ಹದಿನೆಂಟು.
ಉಳಿದದ್ದು ಸೂಟು:
ಧೂಳು, ಕಡ್ಡಿ, ಸತ್ತ ಇರುವೆ, ಬುಡದಲ್ಲಿ ಕೂತ ಕೆಂಪು ಹಿಟ್ಟು.
ಆಕೆ ಜಗಳಾಡಿದವಳಲ್ಲ. ತಕ್ಕಡಿಯ ಮೇಲೆ ತಾನೇ ಹತ್ತಿ ನಿಂತು
ಒಮ್ಮೆ ಕೇಳಿದ್ದಳು: "ಭಾವೂ, ನನ್ನಲ್ಲಿ ಎಷ್ಟು ಕಸ?"
ಮೊಮ್ಮಗಳು ನಕ್ಕಳು. ನಾನೂ ನಕ್ಕೆ.

ಈ ಸಲ ಮಾಲು ಅರ್ಧಕ್ಕಿಳಿಯಿತು.
ಹೋಗಿ ನೋಡಿ ಬಾ ಎಂದರು ಮಾಲಕರು.

ಮಢೆ ಘಾಟಿನ ಕೆಳಗೆ, ನೀರು ಬಿಟ್ಟುಹೋದ ಕೊರಕಲು.
ಮಳೆಗಾಲದ ಜಲಪಾತ ಈಗ ಕರಿಗಲ್ಲಿನ ಮೇಲೊಂದು ಬಿಳಿ ಗೆರೆ.
ಸುಟ್ಟ ಹುಲ್ಲು ಪಾಯಿಜಾಮದ ತುಂಬ ಮಸಿ ಗೀಚಿತು.
ಬಂಡೆಯ ಬಿರುಕಿನಲ್ಲಿ ಬಾಗಿ ನಿಂತ ಬರಲುಗಳು,
ತುದಿಯವರೆಗೆ ಕಾಯುವ ತಾಳ್ಮೆಯಿಲ್ಲದೆ
ಕಡ್ಡಿಯ ಉದ್ದಕ್ಕೂ ಹೂವು,
ಆಗತಾನೆ ಆವಿಗೆಯಿಂದ ತೆಗೆದ ಹಂಚಿನ ಬಣ್ಣ.
ಚೀಲದಲ್ಲಿ ನಾನು ಕಂಡದ್ದು ಇದನ್ನೇ ಎಂದು
ನಂಬಲು ಸ್ವಲ್ಪ ಹೊತ್ತು ಬೇಕಾಯಿತು.
ಮೊಮ್ಮಗಳು ಒಂದರ ಬುಡ ಚೀಪಿ, ಇನ್ನೊಂದನ್ನು ನನ್ನ ಕೈಗಿಟ್ಟಳು.
ಸಿಹಿ.
ನಾಲಗೆ ಗುರುತು ಹಿಡಿಯುವಷ್ಟರಲ್ಲಿ ಮುಗಿದಿತ್ತು.

ಎದುರು ಇಳಿಜಾರಿಗೆ ದಾರಿ ಕಡಿದ ಜೆಸಿಬಿ
ಇನ್ನೂ ಅಲ್ಲೇ ಇತ್ತು, ಹಳದಿ, ಊಟಕ್ಕೆ ಕೂತಂತೆ.
ಫಾರ್ಮ್‌ಹೌಸಂತೆ. ಛಬೂ ಅದರ ಕಡೆ ನೋಡಲಿಲ್ಲ.
ಪ್ರತಿ ಗಿಡದ ಮೇಲ್ಕೊಂಬೆ ಬಿಟ್ಟು ಕೀಳುತ್ತಿದ್ದಳು.
ಅದನ್ನೇಕೆ ಬಿಟ್ಟೆ?
"ಅದು ಸೂರಕ್ಕಿಯ ಸೂಟು,"
ನನ್ನದೇ ಮಾತು, ನನ್ನದೇ ದನಿ ತೆಗೆದು ಅಂದಳು.

ತಿರುಗಿ ಬಂದು ಅರಿಷ್ಟದ ಕೋಣೆಯ ಧುಮಾಳಕಾಕಾನಿಗೆ ಹೇಳಿದೆ.
ಅವನು ಸಾಗವಾನಿ ಪೀಪಾಯಿಯ ಪಕ್ಕ ಬೀಡಿ ಆರಿಸಿ ಅಂದ:
ನೀನು ಗುಡಿಸಿ ಮೂಲೆಗೆ ತಳ್ಳುವ ಹಿಟ್ಟಿದೆಯಲ್ಲ,
ವರ್ಷಾ ಅದನ್ನು ಒಯ್ಯುವವನು ನಾನೇ.
ಹೂವು ಹೊತ್ತು ತಂದ ಜೀವ ಇರುವುದು ಅದರಲ್ಲಿ.
ಅದಿಲ್ಲದಿದ್ದರೆ ಬೆಲ್ಲದ ನೀರು ಬೆಲ್ಲದ ನೀರೇ.
ಕಿವಿ ಹಚ್ಚು, ಎಂದ.
ಹಚ್ಚಿದೆ.
ಬೆಂಕಿಯಿಲ್ಲದೆ ಏನೋ ಕುದಿಯುತ್ತಿತ್ತು ಒಳಗೆ,
ಸಣ್ಣಗೆ, ಬಹಳ ಮಂದಿ ಒಟ್ಟಿಗೆ ಪಿಸುಗುಟ್ಟಿದ ಹಾಗೆ.

ಆ ರಾತ್ರಿ ಹಳೆಯ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದೆ:
ಕಿಲೋ ಎರಡು, ಆರುನೂರು ಗ್ರಾಂ, ಹನ್ನೊಂದು ಮಾರ್ಚು,
ಛಬೂ ಒಬ್ಬಳೇ ಅಲ್ಲ, ನಲವತ್ತು ಹೆಂಗಸರು.
ಗುಣಾಕಾರ ಮುಗಿಸಲಿಲ್ಲ.
ಚೀಟಿ ಇಸ್ತ್ರಿ ಅಂಗಡಿಗೆ ಹೋದ ಅಂಗಿಯ ಕಿಸೆಯಲ್ಲೇ ಉಳಿಯಿತು.

ಇಂದು ಬೆಳಿಗ್ಗೆ ಟೆಂಪೊ ಬಂತು, ಒಂದೇ ಚೀಲ.
ಮುಳ್ಳು ಏಳರ ಮೇಲೆ ನಿಂತು ಕೊಂಚ ನಡುಗಿತು.
ನನ್ನ ಬಾಯಿ ರೂಢಿಗೆ "ಆರು" ಅಂದುಬಿಟ್ಟಿತು.
ಆಕೆ ಸುಮ್ಮನೆ ಕಾದಳು.
ಮೊಮ್ಮಗಳು ಹಲ್ಲಿನ ಸಂದಿಯಲ್ಲಿ ಹೂವಿಟ್ಟುಕೊಂಡು ನನ್ನ ಕೈ ನೋಡುತ್ತಿದ್ದಳು.

ಏಳು ಎಂದು ಬರೆದೆ.
ಸೂಟಿನ ಖಾನೆ ಖಾಲಿ.
ಸಂಜೆ ಮಾಲಕರು ಕೇಳಿದರೆ ಏನೆನ್ನುವುದೋ ತಿಳಿಯದೆ
ಬೆರಳಿಗೆ ಹತ್ತಿದ ಕೆಂಪು ಹಿಟ್ಟು ಒರೆಸಿಕೊಳ್ಳದೆ
ಕೂತಿದ್ದೇನೆ.